ಸಂಕವ್ವನ ಹುಡೇವು

ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲದಾಗ ಬಿದ್ದಿರಲಿಲ್ಲ, ಆವಾಗಿನ ಮಾತಿದು. ಒಂದೂರು. ಅದ ಊರು ಇದು ಅಂತಾರ, ಅಲ್ಲ ಅಂತಾರ, ನನಗ್ಯಾಕ ಬೇಕು ಆ ಜಗಳ! ಆ ಊರ ಹೊರಗೊಂದು ಹುಡೇವು ಇತ್ತು. ಹುಡೇವು ಅಂದ್ರ ಗೊತ್ತಿಲ್ಲೇನು? ವೈರಿ ಬರ್ತಾನೇನಂತ ಹತ್ತಿ ನೋಡೋ ಕಲ್ಲಿನ ಬುರುಜು. ವೈರಿ ಬರೋದು ನಿಂತ ಮ್ಯಾಲೆ ಅದರಾಗ ಬಾವಲಿ ಇದ್ದುವು. ಆಮ್ಯಾಲೆ ಸಂಕವ್ವ ಬಂದ್ಲು.

ಸಂಕವ್ವ ಬೀಸುಕಲ್ಲು ಕಟಿಯೋ ಹೆಣ್ಮಗಳು. ಬೀಸಿ ಬೀಸಿ ಕಲ್ಲು ನುಣ್ಣಗಾದ್ರ ಜ್ವಾಳ ಹಿಟ್ಟಾಗಂಗಿಲ್ಲ, ಉಳಿ ಹಚ್ಚಿ ಸುತ್ತಿಗಿಲೆ ಬಡಿದು ಮತ್ತ ಒರಟು ಮಾಡಬೇಕು. ಆಕಿ ಕಟಿದ ಕಲ್ಲು ಹನ್ನೆರಡು ವರ್ಷ ಸವೀತಿರಲಿಲ್ಲ ಅಂತಾರ. ಸುಳ್ಳಿರಬೇಕು, ಇರಲಿ. ಬೀಸುಕಲ್ಲು ಇರೋದು ಒಳಮನಿಯಾಗ, ಗಂಡಸರು ಕಾಲಿಡದ ಕತ್ತಲಿಯಾಗ. ಅಲ್ಲಿ ಕುಂತು ಕಲ್ಲು ಬಡಿಯೋವಾಗ ಆಕಿ ಹೆಣ್ಮಕ್ಕಳ ಬಾತ ಮಾರಿ ನೋಡ್ತಿದ್ಲು, ಸುಟ್ಟ ಕೈ ನೋಡ್ತಿದ್ಲು. ಏನಾತಂತ ಕೇಳ್ತಿರಲಿಲ್ಲ. ಎದ್ದು ಹೊಂಟಾಗ ಅಷ್ಟ ಅಂತಿದ್ಲಂತ: "ಹುಡೇವಿನ ಬಾಗಿಲಾ ಸಣ್ಣದೈತಿ, ತಲಿ ಬಗ್ಗಿಸಿ ಬಾರವ್ವಾ."

ಬಂದ್ರು. ಏಳು ಮಂದಿ ಅಂತಾರ, ಎಪ್ಪತ್ತು ಅಂತಾರ. ಎಪ್ಪತ್ತು ಮಂದಿ ಅಲ್ಲಿ ಹಿಡಿತಾರೇನ? ಬಂದಾಕಿಗೆ ಮೊದಲು ರೊಟ್ಟಿ. ಆಮ್ಯಾಲೆ ಬೀಸುಕಲ್ಲಿನ ಆ ಕಡೆ ಆಕಿ, ಈ ಕಡೆ ಸಂಕವ್ವ, ಒಂದ ಗೂಟಕ್ಕ ನಾಲ್ಕು ಕೈ. ಸಂಕವ್ವನ ಕಟ್ಟಳೆ ಒಂದ ಇತ್ತು: ಬೀಸೋವಾಗ ಹಾಡಬಾರದು. ಯಾಕಂದ್ರ ಬೀಸೋ ಪದಕ್ಕ ಹೆಸರು ಬೇಕು. ತವರೂರ ಹೆಸರು, ಅಣ್ಣನ ಹೆಸರು, ಮಗಳ ಹೆಸರು ಬಂದ ಬರತೈತಿ. ಹುಡೇವಿನ ಗ್ವಾಡಿ ದಪ್ಪ ಇದ್ರೂ ಕಿಂಡಿ ಬಾಳ ಅದಾವು.

ಹಾಡಲಾರದ ಬೀಸೋದಂದ್ರ ಏನಂತ ತಿಳದೀರಿ? ನಿಮಗ್ಯಾಕ ತಿಳೀಬೇಕು, ಗಿರಣಿ ಹಿಟ್ಟು ತಿನ್ನೋರು ನೀವು. ಕೈ ತಿರುಗಿದ್ರ ಬಾಯಿ ತಾನ ತೆರಿತೈತಿ. ಬಾಯಾಗ ಸೆರಗು ತುರುಕಿಕೊಂಡು ಬೀಸ್ತಿದ್ರಂತ ಪಾಪ.

ಒಂದಿನ ನಿಂಬೆವ್ವ ಅನ್ನಾಕಿ ಬಂದ್ಲು, ನಾಲ್ಕು ವರ್ಷದ ಮಗಳು ಪಾರವ್ವನ್ನ ಕಂಕುಳಾಗ ಇಟಗೊಂಡು. ನಿಂಬೆವ್ವನ ಎಡಗೈ ಮ್ಯಾಲೇಳ್ತಿರಲಿಲ್ಲ. ಕೂಸು ಮಾತಾಡ್ತಿರಲಿಲ್ಲ, ನಗ್ತಿರಲಿಲ್ಲ. ಸಂಕವ್ವ ಕಲ್ಲು ಬಡಿಯಾಕ ಸುತ್ತಿಗಿ ಎತ್ತಿದ್ರ ಸಾಕು, ಕೂಸು ಎರಡೂ ಕೈಲೆ ತಲಿ ಮುಚ್ಚಿಕೊಂಡು ಮುದ್ದಿ ಆಗಿ ಕುಂಡ್ರತಿತ್ತು. ಅವತ್ತಿನಿಂದ ಸಂಕವ್ವ ಆ ಕೂಸಿನ ಮುಂದ ಸುತ್ತಿಗಿ ಎತ್ತಲಿಲ್ಲ, ಹೊರಗ ಬಿಸಿಲಾಗ ಕುಂತು ಬಡಿದ್ಲು ಅಂತಾರ.

ಹನ್ನೊಂದು ದಿನ ಹೋದುವು. ಹನ್ನೆರಡನೇ ದಿನ ಮುಂಜಾನೆ ಬೀಸೋವಾಗ ಪಾರವ್ವನ ಮೂಗಿಗೆ ಹಿಟ್ಟು ಹಾರಿ ಸೀನು ಬಂತು. ತನ್ನ ಸೀನಿಗೆ ತಾನ ಬೆಚ್ಚಿ, ಕೂಸು ಕಿಲಕಿಲ ನಕ್ಕಿತು. ಅಯ್ಯ ನನ್ನವ್ವಾ, ಯಾವ ತಾಯಿ ತಡಕೊಂಡಾಳು! ನಿಂಬೆವ್ವನ ಬಾಯಿಂದ ಪದ ಬಂದ ಬಿಟ್ಟಿತು:

ಬೀಸುವ ಕಲ್ಲವ್ವ ಬಿಡದಂಗ ತಿರುಗವ್ವ
ರಾಸಿ ಹಿಟ್ಟಾಗಿ ಸುರಿಯವ್ವ, ನನ್ನ
ಕೂಸು ಪಾರವ್ವ ನಕ್ಕಾಳ

ಸಂಕವ್ವ ಗೂಟ ಹಿಡಿದು ಕಲ್ಲು ನಿಲ್ಲಿಸಿದ್ಲು. ಆದ್ರ ಹೊರಗ ನಿಂಬೆವ್ವನ ಮೈದುನ ಹೊಂಟಿದ್ದ. ಊರೂರು ಹುಡುಕ್ಕೊಂತ ಬಂದಾವ, ಹೆಸರು ಕೇಳಿ ನಿಂತ.

ಮಧ್ಯಾಹ್ನಕ್ಕ ಗಂಡ ಮಲಕಾರಿ ಹತ್ತು ಮಂದಿ ಕಟಗೊಂಡು ಬಂದ. ಮೊದಲು ಊರ ಹಿರೇರ ಹತ್ರ ಹೋಗಿ ಕೈ ಮುಗಿದ. ಹಿರೇರು, ಗಂಡ ಹೆಂಡ್ತಿನ್ನ ಕರಿಯಾಕ ಬಂದ್ರ ನಾವೇನನ್ನೂಣು ಅಂದು ಎಲಿ ಅಡಿಕಿ ಹಾಕ್ಕೊಂಡು ಕುಂತ್ರು. ಅವರ ಬಾಯಿಗೆ ಮಣ್ಣು ಬೀಳಲಿ!

ಮಲಕಾರಿ ಹುಡೇವಿನ ಮುಂದ ನಿಂತು, ಇನ್ನ ಹೊಡಿಯೂದಿಲ್ಲ, ದೇವರಾಣಿ ಅಂದ. ಒಳಗಿಂದ ಸಂಕವ್ವ ಕೇಳಿದ್ಲಂತ: "ಸುತ್ತಿಗಿ ಎತ್ತಿದ್ರ ನಿನ್ನ ಮಗಳು ತಲಿ ಮುಚ್ಚಿಕೊಳ್ತಾಳ. ಅದನ್ನ ಯಾರು ಕಲಿಸಿದ್ರಪ್ಪಾ? ಅಷ್ಟ ಹೇಳು, ಬಾಗಿಲಾ ತೆಗಿತೀನಿ."

ಅವ ಜ್ವಾಳದ ಒಣ ದಂಟು, ಕಣಿಕಿ ತರಿಸಿ ಬಾಗಿಲಕ್ಕ ಒಟ್ಟಿ ಬೆಂಕಿ ಹಚ್ಚಿದ. ಹೊಗಿಗೆ ತಾವ ಹೊರಗ ಬರ್ತಾರಂದ.

ಸಂಕವ್ವ ಎಲ್ಲಾರನ್ನೂ ಮ್ಯಾಲೆ ಗಾಳಿ ಇರೋ ಮಾಳಗಿಗೆ ಹತ್ತಿಸಿದ್ಲು. ನಿಂಬೆವ್ವ ನಾನ ಹೋಗ್ತೀನಿ, ನನ್ನಿಂದ ಆತು ಅಂತ ಅತ್ರ, ಮಗಳನ್ನ ತಗೊಂಡು ಮ್ಯಾಲೆ ನಡಿ ಅಂತ ಬೈದ್ಲಂತ. ಸುಟ್ಟು ಬೀಳೋ ಕದಕ್ಕ ಬೀಸುಕಲ್ಲಿನ ಮ್ಯಾಲಿನ ಕಲ್ಲು ಆನಿಸಿ, ಸಂದಿಗೆಲ್ಲಾ ಹಸಿ ಕಂಬಳಿ ತುರುಕಿ, ಬೆನ್ನು ಕೊಟ್ಟು ಕುಂತ್ಲು.

ಊರ ಹೆಂಗಸರು ಹೊಸ್ತಿಲದಾಗ ನಿಂತು ನೋಡಿದ್ರು. ಎಲ್ಲಾರ ಮನಿ ಕಲ್ಲೂ ಆಕಿ ಕಟಿದದ್ದು. ಆದ್ರೂ ನೋಡಿದ್ರು, ಹೊತ್ತು ಇಳಿಯೂ ತನಕ ನೋಡಿದ್ರು. ಆಮ್ಯಾಲೆ ಒಬ್ಬಾಕಿ ತುಂಬಿದ ಕೊಡ ಹೊತ್ತು ಹೊಂಟ್ಲು. ಆಕಿ ಹಿಂದ ಇನ್ನೊಬ್ಬಾಕಿ. ಆಮ್ಯಾಲೆ ಓಣಿಗೆ ಓಣಿನ ಹೊಂಟಿತು. ಬೆಂಕಿ ಮ್ಯಾಲೆ ಕೊಡ ಸುರುವಿ ಬಾಗಿಲಕ್ಕ ಅಡ್ಡ ನಿಂತ್ರು. ತಮ್ಮ ಹೆಂಡಂದಿರನ್ನ ಬ್ಯಾರೆ ಊರಾವ ಮುಟ್ಟಿದ್ರ ಊರ ಗಂಡಸರು ಬಿಡ್ತಾರೇನು? ಮಲಕಾರಿ ಹೋದ. ಮತ್ತ ಬರಲಿಲ್ಲ.

ಮ್ಯಾಲಿನವರೆಲ್ಲಾ ಉಳಿದ್ರು, ಕೂಸೂ ಉಳೀತು. ಸಂಕವ್ವ ಕಲ್ಲಿಗೆ ಬೆನ್ನು ಕೊಟ್ಟು ಕುಂತಂಗ ಸತ್ತಿದ್ಲು. ಬೆನ್ನಿನ ಚರ್ಮ ಕಲ್ಲಿಗೆ ಹತ್ತಿತ್ತು ಅಂತಾರ. ಇದನ್ನ ಹೇಳೋವಾಗ ಪ್ರತಿ ಸಲ ನನಗ ಸಿಟ್ಟು ಬರತೈತಿ. ಒಂದು ತಾಸು ಮೊದಲು ಕೊಡ ಎತ್ತಿದ್ರ ಏನಾಗ್ತಿತ್ತು ಇವರಿಗೆ?

ಆಕಿ ಉಳಿ ಸುತ್ತಿಗಿ ನಿಂಬೆವ್ವ ಹಿಡಿದ್ಲು. ಮನಿ ಮನಿಗೆ ಹೋಗಿ ಉಳಿ ಕಾಲ್ಬೆರಳಾಗ ಹಿಡಿದು ಒಂದ ಕೈಲೆ ಕಲ್ಲು ಕಟಿದ್ಲು, ಎದ್ದು ಹೊಂಟಾಗ ಅದ ಮಾತು ಹೇಳಿದ್ಲು. ಸಾಯೂ ತನಕ ಹಾಡಲಿಲ್ಲ.

ಈಗ ಯಾರ ಮನಿಯಾಗೂ ಜ್ವಾಳ ಬೀಸಂಗಿಲ್ಲ. ಆದ್ರ ಮದುವಿಗೆ ಅರಿಷಿಣ ಬೀಸ್ತೀವಲ್ಲ, ಆವಾಗ ಮದುಮಗಳ ಕೈ ಗೂಟದ ಮ್ಯಾಲೆ ಇಟ್ಟು ಆ ಪದ ಹಾಡ್ತೀವಿ. 'ಕೂಸು' ಅಂದು, ಹೆಸರು ಬರೋ ಜಾಗದಾಗ ಬಾಯಿ ಮುಚ್ಚತೀವಿ. ಒಂದು ಸುತ್ತು ಬರೇ ಕಲ್ಲು ತಿರುಗತೈತಿ. ಆಮ್ಯಾಲೆ 'ನಕ್ಕಾಳ' ಅಂತೀವಿ. ಬೀಗರು, ಈ ಊರ ಹೆಂಗಸರಿಗೆ ಪದ ಮರೆತೈತಿ ಅಂತ ನಗತಾರ. ನಗಲಿ. ಆ ಸುತ್ತಿನಾಗ ಹುಡುಗಿಯ ಅವ್ವ ಕಿವಿಯಾಗ ಹೇಳ್ತಾಳ, ಬಾಗಿಲಾ ಸಣ್ಣದೈತಿ, ತಲಿ ಬಗ್ಗಿಸಿ ಬಾ ಅಂತ.