ನಾಯಕನ ಉಜ್ಜುಗಲ್ಲು

ನಮ್ಮ ಗುಡೇಹಟ್ಟಿಯ ಮೂಡಲ ಗುಡ್ಡ ಹತ್ತಿದರೆ ನೆತ್ತಿಯಲ್ಲಿ ಆನೆಗಾತ್ರದ ಬಂಡೆಯೊಂದು ಒಂಟಿಯಾಗಿ ನಿಂತಿದೆ. ಸುತ್ತಲಿನ ಕಲ್ಲೆಲ್ಲ ಒರಟು. ಇದರ ಒಂದು ಮಗ್ಗುಲು ಮಾತ್ರ, ಗಂಡಸಿನ ಬೆನ್ನಿನ ಎತ್ತರಕ್ಕೆ, ಮುಖ ಕಾಣುವಷ್ಟು ನುಣುಪು. ಬುಡದಲ್ಲಿ ನಸುಗುನ್ನಿ ಬಳ್ಳಿ ಹಬ್ಬಿದೆ. ಅದರ ಕಾಯಿಯ ರೋಮ ತಾಗಿದರೆ ಮೈಯೆಲ್ಲ ಬೆಂಕಿಯಂಥ ತುರಿಕೆ. ಹರೆಯದಲ್ಲಿ ನಾನು ಈ ಬಂಡೆಗೆ ಹೆಗಲು ಕೊಟ್ಟು ಒಂದು ಗೇಣು ಸರಿಸಿದ್ದೆ. ಕಂಡವರು ಈಗ ಒಬ್ಬರೂ ಉಳಿದಿಲ್ಲ. ನನ್ನ ಮಾತನ್ನೇ ನಂಬಬೇಕು.

ಹಿಂದೆ ಒಮ್ಮೆ ಈ ಸೀಮೆಯನ್ನು ಕಾಟಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಹುಲಿಯನ್ನು ಬಾಲ ಹಿಡಿದು ಕೆರೆಯಾಚೆ ಎಸೆದವನು ಎನ್ನುತ್ತಾರೆ. ಅಂಥವನಿಗೆ ಮಕ್ಕಳಿರಲಿಲ್ಲ. ಮಡದಿ ಸಿರಿಯವ್ವನನ್ನು ತುಂಬಿದ ಸಭೆಯಲ್ಲೇ ಬಂಜೆಯೆಂದು ಕರೆದು ತವರಿಗೆ ಅಟ್ಟಿದ. ಎರಡನೆಯವಳನ್ನು ತಂದ, ಅವಳ ಮಡಿಲೂ ತುಂಬಲಿಲ್ಲ. ಕೊನೆಗೆ ಮದ್ದು ಕೊಡುವ ಬೊಮ್ಮಕ್ಕನನ್ನು ಕರೆಸಿದ. "ಕೊರತೆ ನಿಮ್ಮಲ್ಲೇ ಇದೆ ದೊರೆಯೇ. ನಸುಗುನ್ನಿ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ತುಪ್ಪ ಬೆರೆಸಿ ಕೊಡುತ್ತೇನೆ. ಆದರೆ ಮದ್ದು ಬೇಕಾದವನೇ ಬರಿಗೈಯಲ್ಲಿ ಕಾಯಿ ಕೀಳಬೇಕು, ಅದು ಹಿರಿಯರ ಕಟ್ಟಳೆ" ಎಂದಳು ಆಕೆ. ಮೈ ಕೆರೆದುಕೊಳ್ಳುತ್ತ ಗುಡ್ಡ ಇಳಿದರೆ ಕೊರತೆ ಯಾರದೆಂದು ಊರಿಗೇ ತಿಳಿಯುತ್ತದೆ. ಹುಲಿಗೆ ಅಂಜದವನು ಅದಕ್ಕೆ ಅಂಜಿ, ಲಾಯದ ಮುದುಕ ಚಿತ್ರಯ್ಯನನ್ನು ಕಳಿಸಿದ. ಮದ್ದು ಕುಡಿದವನು ನಾಯಕ. ವರ್ಷದೊಳಗೆ ಅವಳಿ ಗಂಡುಮಕ್ಕಳಾದದ್ದು ಹಲ್ಲುದುರಿದ ಚಿತ್ರಯ್ಯನಿಗೆ. "ಕಿತ್ತ ಕೈ ಯಾವುದೆಂದು ಬಳ್ಳಿಗೆ ಗೊತ್ತಾಗುತ್ತದೆ ದೊರೆಯೇ" ಎಂದು ಬೊಮ್ಮಕ್ಕ ನಕ್ಕಳಂತೆ. ಲಾಯದ ಕಡೆಯಿಂದ ಬರುವ ಜೋಗುಳ ಕೇಳಲಾರದೆ ಎರಡನೆಯವಳೂ ಹೊರಟುಹೋದಳು.

ಬರಿದಾದ ಅರಮನೆಯಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ನಾಯಕ ಒಬ್ಬನೇ ಗುಡ್ಡ ಹತ್ತಿದ. ಕಾಯಿ ಕೀಳುವುದಿರಲಿ, ಬಳ್ಳಿಯನ್ನೇ ತಬ್ಬಿದ. ಉರಿ ತಾಳದೆ ಬಂಡೆಗೆ ಬೆನ್ನು ಉಜ್ಜಿದ ರಭಸಕ್ಕೆ ಕಿಡಿ ಹಾರಿ, ಕೆಳಗಿನವರು ಕಾಡ್ಗಿಚ್ಚೆಂದು ಕೊಡ ಹೊತ್ತು ಓಡಿಬಂದರಂತೆ. ಕಲ್ಲು ನುಣುಪಾದದ್ದು ಆವಾಗಲೇ. ಎಲ್ಲರೂ ನೋಡಲೆಂದೇ ಹಾಡುಹಗಲು ಕೆರೆದುಕೊಳ್ಳುತ್ತ ಸಿರಿಯವ್ವನ ತವರಿಗೆ ನಡೆದ. ಆಕೆ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು.

"ಕೊರತೆ ನನ್ನದಾಗಿತ್ತು ಸಿರಿ. ಊರೆಲ್ಲ ನೋಡಿತು. ಬಾ, ಮನೆಗೆ ಹೋಗೋಣ."

ಆಕೆ ಮೊರ ಕೆಳಗಿಟ್ಟು ಒಳಗೆ ಹೋಗಿ ಒಂದು ಕುಡಿಕೆ ಮಜ್ಜಿಗೆ ತಂದಳು. "ಇದನ್ನು ಹಚ್ಚಿಕೊಳ್ಳಿ ದೊರೆ, ಉರಿ ಇಳಿಯುತ್ತದೆ. ಅಂದು ನೀವು ಅಂದದ್ದು ನನಗೆ ಇನ್ನೂ ಇಳಿದಿಲ್ಲ. ನನ್ನ ತಲೆ ನೋಡಿ, ಎಷ್ಟು ನೆರೆತಿದೆ" ಎಂದು ಹೇಳಿ ಬಾಗಿಲು ಮುಂದೆ ಮಾಡಿದಳು.

ನಾಯಕ ಅರಮನೆಗೆ ಮರಳಲಿಲ್ಲ. ಗುಡ್ಡದ ಮೇಲೆಯೇ ಉಳಿದು, ಬಳ್ಳಿಗೆ ನೀರೆರೆದು, ಮದ್ದಿಗೆ ಬಂದ ಬೇರೆ ಗಂಡಸರಿಗೆ ದಾರಿ ತೋರುತ್ತ ಮುಪ್ಪಾದ ಎನ್ನುತ್ತಾರೆ.

ಇಂದಿಗೂ ಮಾಘದಲ್ಲಿ ಕಾಯಿ ಬಲಿತಾಗ ಗಂಡಸರು ಒಬ್ಬೊಬ್ಬರೇ, ಮುಖಕ್ಕೆ ಟವೆಲ್ ಸುತ್ತಿಕೊಂಡು, ಗುಡ್ಡ ಹತ್ತುತ್ತಾರೆ. ಹೆಂಡತಿಯರು ಮಜ್ಜಿಗೆ ಹಿಡಿದು ಕೆಳಗೆ ಕಾದಿದ್ದು, ಇಳಿದುಬಂದವರ ಬೆನ್ನಿಗೆ ಹಚ್ಚುತ್ತಾರೆ. ಹತ್ತುವವರ ಕೈಯಲ್ಲಿ ಇನ್ನೊಂದು ಕುಡಿಕೆ ಇರುತ್ತದೆ; ಅದನ್ನು ಬಂಡೆಯ ನುಣುಪು ಮಗ್ಗುಲಿಗೆ ಸುರಿದು ಬರುತ್ತಾರೆ. ಒಣಗಿದ ಬಿಳಿ ಗೆರೆಗಳು ಹೋದವರಿಗೆಲ್ಲ ಕಾಣುತ್ತವೆ. ಬೆನ್ನಿಗೆ ತನ್ನ ಕೈ ಎಟುಕುವುದಿಲ್ಲ. ನಾಯಕನಿಗೂ ಯಾರಾದರೂ ಹಚ್ಚಬೇಕಲ್ಲ.