ಬೆಲ್ಲದ ವ್ಯಾಪಾರಿ ಹೇಳಿದ ಬಣ್ಣ

"ನೂರ ಎಂಬತ್ತು ಮೂಟೆ ಬೆಲ್ಲ ಕಳಿಸಿ ಆರು ದಿನವಾಯಿತು. ಇಳಿಸಿಕೊಂಡವರು ಚೆನ್ನಾಗಿದೆ ಎಂದರು, ಹಣವನ್ನೂ ಕೊಟ್ಟರು. ಮುಗಿದ ವ್ಯವಹಾರಕ್ಕೆ ಮತ್ತೆ ಫೋನು ಮಾಡಿ ವಿಚಾರಿಸು ಅನ್ನುತ್ತೀರಲ್ಲ, ಯಾಕೆ ಯಜಮಾನರೇ? ಇಲ್ಲದ ದೂರನ್ನು ನಾವೇ ಕೇಳಿ ತಂದುಕೊಳ್ಳಬೇಕೆ?" ಎಂದು ಶಿಷ್ಯ ಕೇಳಿದ. ಅವನು ಬೆಲ್ಲದ ಮಂಡಿಯಲ್ಲಿ ನಾಲ್ಕು ಹಂಗಾಮಿನಿಂದ ವ್ಯಾಪಾರ ಕಲಿಯುತ್ತಿದ್ದ.

ಆ ಮಂಡಿಯ ಹಿರಿಯ ವ್ಯಾಪಾರಿಯಾದ ಗುರುಗಳು ಕೈಯಲ್ಲಿದ್ದ ಬೆಲ್ಲದ ಚೂರನ್ನು ಮೂಸಿ ಕೆಳಗಿಟ್ಟರು.

"ಬೆಲ್ಲ ಬೆವರುವುದು ಇಳಿಸಿದ ದಿನವಲ್ಲ, ಆಮೇಲೆ. ಕೇಳು. ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಆಗಿನ ಮಂಡಿಯೇ ಬೇರೆ. ಎತ್ತಿನ ಗಾಡಿಗಳು ಇನ್ನೂ ಬರುತ್ತಿದ್ದವು. ಹೊಸ ಬೆಲ್ಲದ ವಾಸನೆ ಬೀದಿಯ ತಿರುವಿನಲ್ಲೇ ಎದುರುಗೊಳ್ಳುತ್ತಿತ್ತು. ಅಂಗಡಿಗೆ ಒಂದೇ ಕಪ್ಪು ಫೋನು; ಅದರಲ್ಲಿ ಆಡಿದ ಮಾತು ಗಿರಾಕಿಗಳಿಗೆಲ್ಲ ಕೇಳುತ್ತಿತ್ತು. ಗುಟ್ಟು ಅನ್ನುವುದಿರಲಿಲ್ಲ, ನಗು ಬೇಕಾದಷ್ಟಿತ್ತು.

ಆ ವ್ಯಾಪಾರಿಗೆ ಕಾಮಾಲೆಯಾಯಿತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ನಗರದಲ್ಲಿ ಒಬ್ಬ ವೈದ್ಯೆ ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳದ ಬಾಯನ್ನು ತುಸು ಕತ್ತರಿಸಿ ಕಲ್ಲು ತೆಗೆದರು. ಕತ್ತರಿಸಿದಲ್ಲಿ ರಕ್ತ ಒಸರಿತು, ನಿಂತಿತು. ಅವರು ನೀರು ಹಾಯಿಸಿ ತೊಳೆದು, ಮತ್ತೆ ನೋಡಿ, ಆಮೇಲೆಯೇ ಕೊಳವೆ ಹೊರತೆಗೆದರು. ಮನೆಗೆ ಕಳಿಸುವಾಗ ಹೇಳಿದರು: 'ಎರಡು ವಾರದೊಳಗೆ ಈ ಗಾಯ ಮತ್ತೆ ರಕ್ತ ಬಿಡಬಹುದು. ಹೃದಯಕ್ಕೆಂದು ನುಂಗುವ, ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾನು ಬರೆದುಕೊಟ್ಟ ದಿನಕ್ಕಿಂತ ಮೊದಲು ಮುಟ್ಟಬೇಡಿ. ಮಲ ಕಪ್ಪಾದರೆ ತಕ್ಷಣ ತಿಳಿಸಿ.'

ವ್ಯಾಪಾರಿಗೆ ಹಸಿವು ಮರಳಿತು. ಕಣ್ಣಿನ ಹಳದಿ ಇಳಿಯಿತು. ಎಲ್ಲ ಮುಗಿಯಿತು ಅಂದುಕೊಂಡ. ದುಡ್ಡು ಕೊಟ್ಟು ತಂದ ಮಾತ್ರೆ ಸುಮ್ಮನೆ ಬಿದ್ದಿರುವುದನ್ನು ನೋಡಲಾಗದೆ ಮೂರನೆಯ ದಿನವೇ ನುಂಗತೊಡಗಿದ. ಐದನೆಯ ದಿನ ಮಲ ಕಪ್ಪಾಯಿತು. ಹೆಂಡತಿಗೂ ಹೇಳಲಿಲ್ಲ, ಹೇಳಿದರೆ ಮತ್ತೆ ಆಸ್ಪತ್ರೆ, ಮಾರನೆಯ ದಿನವೋ ಹಂಗಾಮಿನ ದೊಡ್ಡ ಖರೀದಿದಾರ ಬರುವವನಿದ್ದ.

ಮಾರನೆಯ ದಿನ ಆ ಖರೀದಿದಾರ ಬಂದು ಎದುರಿಗೆ ಕೂತ. ಆಗಲೇ ವೈದ್ಯೆಯ ಫೋನು ಬಂತು.

'ಹೇಗಿದ್ದೀರಿ?'

'ಫಸ್ಟ್ ಕ್ಲಾಸ್, ಅಮ್ಮಾ.'

'ಮಲದ ಬಣ್ಣ?'

ವ್ಯಾಪಾರಿ ಖರೀದಿದಾರನ ಕಡೆ ನೋಡಿದ. 'ಎಲ್ಲ ಸರಿಯಾಗಿದೆ, ಅಮ್ಮಾ. ಅಂಗಡಿಯಲ್ಲಿ ಜನ ಇದ್ದಾರೆ.'

ವೈದ್ಯೆ ಹೇಳಿದರು: 'ಹಾಗಾದರೆ ಬೆಲ್ಲ ಅಂತಲೇ ತಿಳಿದು ಹೇಳಿ ಯಜಮಾನರೇ. ಯಾವ ಮಾಲು ಬಂದಿದೆ?'

ಮಲದ ವಿಷಯದಲ್ಲಿ ಸುಳ್ಳಾಡಿದವನಿಗೆ ಮಾಲಿನ ಬಣ್ಣದಲ್ಲಿ ಸುಳ್ಳಾಡಲು ನಾಲಿಗೆ ಏಳಲಿಲ್ಲ. ಮೂವತ್ತು ವರ್ಷದ ಅಭ್ಯಾಸ.

'ಬೆಲ್ಲವೇ ಅಲ್ಲ, ಅಮ್ಮಾ. ಕಾಕಂಬಿ. ಕಪ್ಪು, ಜಿಗುಟು. ನಿನ್ನೆಯಿಂದ ಮೂರು ಸಲ ಬಂತು.'

ಖರೀದಿದಾರ ಎದ್ದು ನಿಂತ. 'ಏನ್ರೀ, ನನಗೆ ಕಾಕಂಬಿ ಕಟ್ಟೋಕೆ ಹೊರಟಿದ್ದೀರಾ?'

'ಮಾತ್ರೆ ನುಂಗಿದಿರಾ?' ಎಂದು ವೈದ್ಯೆ ಕೇಳಿದರು.

'ದಿನಕ್ಕೊಂದೇ, ಅಮ್ಮಾ.'

'ಇನ್ನು ನುಂಗಬೇಡಿ. ಏನೂ ತಿನ್ನಬೇಡಿ. ಇದ್ದಲ್ಲೇ ಮಲಗಿ, ಆಂಬುಲೆನ್ಸ್ ಕರೆಸಿಕೊಂಡು ಈಗಲೇ ಬನ್ನಿ.'

ಹೋಗುವಷ್ಟರಲ್ಲಿ ಅವನ ಕೈಕಾಲು ತಣ್ಣಗಾಗಿದ್ದವು. ಮೊದಲು ರಕ್ತ ಕೊಟ್ಟರು. ಮತ್ತೆ ಕೊಳವೆ ಇಳಿಸಿ, ಒಸರುವ ಅಂಚಿಗೆ ಔಷಧಿ ಚುಚ್ಚಿ, ಪುಟ್ಟ ಕ್ಲಿಪ್ಪು ಹಾಕಿದರು. ರಕ್ತ ನಿಂತಿತು. ಈ ಸಲವೂ ತೊಳೆದು, ಕಾದು, ಮತ್ತೆ ನೋಡಿದರು. ಮನೆಗೆ ಕಳಿಸಿದ ಮೇಲೂ ಎರಡು ವಾರ ಫೋನು ತಪ್ಪಿಸಲಿಲ್ಲ. ಇನ್ನೊಂದು ದಿನ ಕಳೆದಿದ್ದರೆ ವ್ಯಾಪಾರಿ ಉಳಿಯುತ್ತಿರಲಿಲ್ಲ.

ಆ ವೈದ್ಯೆ ಈಗಿಲ್ಲ. ಆ ಕಪ್ಪು ಫೋನೂ ಇಲ್ಲ, ಗಾಡಿಗಳೂ ಇಲ್ಲ."

ಗುರುಗಳು ಬೀದಿಯ ತಿರುವಿನ ಕಡೆ ನೋಡುತ್ತ ಕೂತರು.

"ಆ ದೊಡ್ಡ ಖರೀದಿ?" ಎಂದ ಶಿಷ್ಯ.

"ಪಕ್ಕದ ಅಂಗಡಿಗೆ ಹೋಯಿತು."

"ಹಾಗಾದರೆ ಆ ಒಂದು ಫೋನಿನಿಂದ ವ್ಯಾಪಾರಿಗೆ ಸಿಕ್ಕಿದ ಲಾಭವಾದರೂ ಎಷ್ಟು ಯಜಮಾನರೇ?"

ಗುರುಗಳು ಫೋನನ್ನು ಅವನ ಮುಂದಕ್ಕೆ ಸರಿಸಿದರು.

"ಇಪ್ಪತ್ತೊಂದು ಹಂಗಾಮು, ನಿನಗೆ ಕಲಿಸಿದ ನಾಲ್ಕೂ ಅದರಲ್ಲೇ ಸೇರಿವೆ."