ಗಾಳಿ ನಾಯಿಯ ಬಾಯಿಗೆ ಬಂದದ್ದು

ಲೋಕ ಆಗ ಹೊಸದು. ಎಷ್ಟು ಹೊಸದು ಅಂದರೆ, ಗುಡ್ಡದ ಬಂಡೆಗಳನ್ನು ಮುಟ್ಟಿದರೆ ಒಲೆಯಿಂದ ಈಗತಾನೆ ಇಳಿಸಿದ ಹಂಚಿನ ಹಾಗೆ ಇನ್ನೂ ಬೆಚ್ಚಗಿರುತ್ತಿದ್ದವು. ಹೊಳೆ ತನ್ನ ದಾರಿಯನ್ನು ಪೂರ್ತಿ ಕಲಿತಿರಲಿಲ್ಲ, ಒಂದು ದಿನ ಈ ಕಡೆ ಹರಿದರೆ ಇನ್ನೊಂದು ದಿನ ಆ ಕಡೆ. ಗಾಳಿಯನ್ನಂತೂ ಕೇಳಲೇಬೇಡಿ, ಅದಕ್ಕೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

ಆಗ ಎಲ್ಲವೂ ಮಾತಾಡುತ್ತಿದ್ದವು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ನೆರಳು ಕೂಡ ಮಾತಾಡುತ್ತಿತ್ತು, ಆದರೆ ಬಲು ಮೆಲ್ಲಗೆ. ಅದರ ಮಾತು ಕೇಳಬೇಕಾದರೆ ಅದರೊಳಗೆ ಸುಮ್ಮನೆ ಕೂತಿರಬೇಕು. ಜನಕ್ಕೆ ಅಷ್ಟು ಪುರುಸೊತ್ತು ಆಗಲೂ ಇರಲಿಲ್ಲ.

ಆ ಹೊಳೆಯ ದಂಡೆಯಲ್ಲಿ ಕೆಂಚವ್ವ ಎಂಬ ಹೆಂಗಸು ಇದ್ದಳು. ಪುಂಡಿಯ ಕಡ್ಡಿಗಳನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಡೆಯ ಮೇಲಿಟ್ಟು ಹೊಸೆದು, ಮೊಟ್ಟಮೊದಲ ಹಗ್ಗ ಮಾಡಿದವಳು ಇವಳೇ. ಅದಕ್ಕೆ ಮುಂಚೆ ಜನರ ಹತ್ತಿರ ಏನೂ ನಿಲ್ಲುತ್ತಿರಲಿಲ್ಲ. ಗುಡಿಸಲಿನ ಮಾಡು ಗಾಳಿಯ ಪಾಲಾಗುತ್ತಿತ್ತು, ದೋಣಿ ಹೊಳೆಯ ಪಾಲಾಗುತ್ತಿತ್ತು, ಕರು ಕಾಡಿನ ಪಾಲಾಗುತ್ತಿತ್ತು. ಹಗ್ಗ ಬಂದ ಮೇಲೆ ಎಲ್ಲವೂ ಇಟ್ಟಲ್ಲಿ ಇದ್ದವು.

ಹಾಗಾಗಿ ಆ ದಂಡೆಯ ಜನಕ್ಕೆ ಒಂದು ರೂಢಿ ಬಂತು. ಯಾವುದು ಬೇಕೋ ಅದನ್ನು ಕಟ್ಟುವುದು. ಮಾಡನ್ನು ಕಂಬಕ್ಕೆ ಕಟ್ಟಿದರು, ದೋಣಿಯನ್ನು ಬಂಡೆಗೆ ಕಟ್ಟಿದರು. ಕೂಸು ಹುಟ್ಟಿದರೆ ಮೊದಲು ಕೆಂಚವ್ವನಿಗೆ ಹೇಳಿಕಳಿಸುತ್ತಿದ್ದರು. ಅವಳು ಎಳೆ ನಾರು ಹೊಸೆದು ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟಿದ ಮೇಲೆಯೇ ತಾಯಿಗೆ ನೆಮ್ಮದಿ. ಕಟ್ಟಿದ್ದು ಕಳೆಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವಳು ಕೆಂಚವ್ವ.

ಬೇಸರವಾದದ್ದು ಗಾಳಿಗೆ ಮಾತ್ರ. ಮಾಡು ಎಳೆದರೆ ಬರುವುದಿಲ್ಲ, ಹುಲ್ಲಿನ ಬಣವೆ ತಳ್ಳಿದರೆ ಕದಲುವುದಿಲ್ಲ. ಈ ಹೆಂಗಸು ನನ್ನ ಆಟವನ್ನೇ ಕೆಡಿಸಿದಳು ಎಂದು ಅದು ಮುನಿಸಿಕೊಂಡು ಗುಡ್ಡದ ಆಚೆ ಹೋಗಿ ಕೂತುಬಿಟ್ಟಿತು. ದಂಡೆಯಲ್ಲಿ ಒಂದು ಎಲೆಯೂ ಅಲುಗದಾಯಿತು. ಹೋದರೆ ಹೋಗಲಿ ಬಿಡು, ಪೀಡೆ ತೊಲಗಿತು ಎಂದಳು ಕೆಂಚವ್ವ.

ಆ ದಿನಗಳಲ್ಲೇ ಒಂದು ನಾಯಿ ಅವಳಿದ್ದಲ್ಲಿಗೆ ಬಂತು. ಅಲ್ಲಿಯವರೆಗೆ ಯಾವ ನಾಯಿಯೂ ಮನುಷ್ಯರ ಸಂಗಕ್ಕೆ ಬಂದಿರಲಿಲ್ಲ. ಇದು ಪೊದೆಯಿಂದ ಹೊರಬಂದು, ನಾರಿನ ಹೊರೆಯನ್ನು ಮೂಸಿ, ಅವಳ ಕಾಲ ಬಳಿ ಮಲಗಿತು. ಕರೆದದ್ದಿಲ್ಲ, ಕಟ್ಟಿದ್ದಿಲ್ಲ. ಮಾರನೆಯ ದಿನವೂ ಅಲ್ಲೇ ಇತ್ತು. ಮೈತುಂಬ ದಟ್ಟ ಕೂದಲು ಇದ್ದುದರಿಂದ ಕೆಂಚವ್ವ ಅದಕ್ಕೆ ಕಂಬಳಿ ಎಂದು ಹೆಸರಿಟ್ಟಳು. ಹಗ್ಗವಿಲ್ಲದೆ ತನ್ನ ಹತ್ತಿರ ನಿಂತದ್ದು ಲೋಕದಲ್ಲಿ ಇದೊಂದೇ ಎಂದು ಅವಳಿಗೆ ಒಳಗೊಳಗೇ ಸೋಜಿಗ.

ಆಗಿನ ನಾಯಿಗಳು ಬಾಯಿ ತೆರೆಯುತ್ತಿದ್ದದ್ದು ತಿನ್ನುವುದಕ್ಕೆ ಮತ್ತು ಬೊಗಳುವುದಕ್ಕೆ, ಅಷ್ಟೇ. ಮಿಕ್ಕ ಹೊತ್ತು ಬಾಯಿ ಬಿಗಿ, ನಾಲಿಗೆ ಒಳಗೆ. ಸೆಕೆಯಾದಾಗ ಕಂಬಳಿ ಹೊಳೆಗೆ ಇಳಿದು, ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ನಿಂತು ಬರುತ್ತಿತ್ತು. ದಿನಕ್ಕೆ ಮೂರು ಸಲ. ಹೊಳೆಗೂ ಅದು ಬಂದರೆ ಖುಷಿ.

ಒಂದು ದಿನ ಹೊಳೆಯ ಸೆಳವು ಜೋರಾಗಿತ್ತು. ಆಚೆ ದಡದ ಮಡುವಿನಲ್ಲಿ ಕೊಳೆಹಾಕಿದ್ದ ಪುಂಡಿ ನೋಡಲು ಕೆಂಚವ್ವ ದೋಣಿಯಲ್ಲಿ ಹೊರಟರೆ, ಕಂಬಳಿ ಹಿಂದೆಯೇ ಈಜಿ ಬಂತು. ನಡುನೀರಿನಲ್ಲಿ ಸೆಳವಿಗೆ ಸಿಕ್ಕಿತು. ಅವಳು ಬಾಗಿ, ಕತ್ತಿನ ಚರ್ಮ ಹಿಡಿದು ದೋಣಿಗೆ ಎಳೆದುಕೊಂಡಳು. ಅವತ್ತು ಸಂಜೆಯವರೆಗೂ ಅವಳು ಅದನ್ನು ತನ್ನ ಮಗ್ಗುಲಿನಿಂದ ಕದಲಲು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಏನು ಮಾಡಿದಳು? ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಕಂಬಳಿಯನ್ನು ಕಟ್ಟಿದಳು.

ಹಾಗಂತ ಹೇಗೆಂದರೆ ಹಾಗೆ ಕಟ್ಟಲಿಲ್ಲ. ಕತ್ತು ತರಚದಿರಲೆಂದು ಮೆತ್ತನೆಯ ನಾರು ಆರಿಸಿದಳು. ದಂಡೆಯ ಹುಣಸೆಮರದ ಪಡುವಲ ಮಗ್ಗುಲಲ್ಲಿ, ಎಲ್ಲಕ್ಕಿಂತ ದಟ್ಟ ನೆರಳಿದ್ದ ಕಡೆ ಗೂಟ ಹೊಡೆದು, ಗಿಡ್ಡ ಹಗ್ಗ ಹಾಕಿದಳು. ಸೋರೆಬುರುಡೆಯಲ್ಲಿ ನೀರಿಟ್ಟಳು. ತಲೆ ನೇವರಿಸಿ, ಇಲ್ಲೇ ತಣ್ಣಗಿರು, ಬೇಗ ಬರುತ್ತೇನೆ ಎಂದಳು.

ಆಗ ನೆರಳು ಮೆಲ್ಲಗೆ ಹೇಳಿತು: “ಅಕ್ಕಾ, ನಾ ಇಲ್ಲಿ ನಿಂದ್ರಾಕಿ ಅಲ್ಲ.”

ಕೆಂಚವ್ವ ಅವಸರದಲ್ಲಿದ್ದಳು. ಅವಳಿಗೆ ಕೇಳಿಸಲಿಲ್ಲ. ನೆರಳು ನಡೆಯುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಹಗ್ಗದ ಜನ ಅಲ್ಲವೇ, ಮರಕ್ಕೆ ನೆರಳನ್ನು ಯಾರೋ ಕಟ್ಟಿಹಾಕಿದ್ದಾರೆ, ಅದು ಅಲ್ಲೇ ಇರುತ್ತದೆ ಎಂದೇ ಅವರು ತಿಳಿದಿದ್ದರು.

ಆಚೆ ದಡದಲ್ಲಿ ಪುಂಡಿ ಹದಕ್ಕೆ ಬಂದಿತ್ತು. ಅವತ್ತೇ ಸುಲಿಯದಿದ್ದರೆ ನಾರು ಕೊಳೆತು ಹೋಗುತ್ತದೆ. ಅವಳು ಮಂಡಿಯುದ್ದ ನೀರಿನಲ್ಲಿ ನಿಂತು ಸುಲಿದಳು, ತೊಳೆದಳು, ಹಿಂಡಿದಳು. ಸುಲಿದಳು, ತೊಳೆದಳು, ಹಿಂಡಿದಳು. ತಲೆ ಎತ್ತಲೇ ಇಲ್ಲ.

ಈಚೆ ದಡದಲ್ಲಿ ನೆರಳು ಒಂದೊಂದೇ ಬೆರಳಷ್ಟು ಸರಿಯಿತು. ಕಂಬಳಿಯ ಬಾಲದಿಂದ ಸರಿಯಿತು, ಬೆನ್ನಿನಿಂದ ಸರಿಯಿತು, ಕೊನೆಗೆ ಮೂಗಿನ ತುದಿಯಿಂದಲೂ ಸರಿಯಿತು. ನಾಯಿ ನೆರಳಿನ ಹಿಂದೆ ಹೋಗಲು ಎದ್ದರೆ ಹಗ್ಗ ಬಿಗಿಯಿತು. ಸುತ್ತಿ ಬರಲು ನೋಡಿದರೆ ಹಗ್ಗ ಬುರುಡೆಗೆ ತಗುಲಿ ನೀರೆಲ್ಲ ಚೆಲ್ಲಿತು. ಹೊಳೆ ಕಣ್ಣೆದುರಿಗೇ ಇತ್ತು. ಪುಂಡಿ ಹಗ್ಗ ನಾಯಿಯ ಹಲ್ಲಿಗೆ ಎಷ್ಟರದು? ಆದರೂ ಕಡಿಯಲಿಲ್ಲ. ಹಗ್ಗದಲ್ಲಿ ಕೆಂಚವ್ವನ ಕೈಯ ವಾಸನೆ ಇತ್ತು. ಬಿಸಿಲಿನಲ್ಲೇ ಮಲಗಿತು, ಬಾಯಿ ಬಿಗಿಹಿಡಿದು.

ಮೊದಲು ಗಮನಿಸಿದ್ದು ಹೊಳೆ. ಅದು ಕೆಂಚವ್ವನ ಮಂಡಿಗೆ ಬಡಿದು ಕೇಳಿತು: “ತಂಗೀ, ಹೊತ್ತು ನೆತ್ತಿ ದಾಟಿ ಇಳದೈತಿ. ನಿನ್ನ ಕಂಬಳಿ ಒಂದು ಸಲಾನೂ ನನ್ನ ಕಡೆ ಬಂದಿಲ್ಲ.”

“ನೆರಳಾಗ ಕಟ್ಟಿ ಬಂದೀನಿ ಹೊಳೆವ್ವ. ಆರಾಮ ಐತಿ.”

“ನೆರಳು ಇಲ್ಲಿ ನನ್ನ ಮೈಮ್ಯಾಲೆ ಬಿದ್ದೈತಿ, ನೋಡು.”

ಕೆಂಚವ್ವ ತಲೆ ಎತ್ತಿದಳು. ಹುಣಸೆಮರದ ನೆರಳು ಪೂರ್ತಿಯಾಗಿ ನೀರಿನ ಮೇಲೆ ತೇಲುತ್ತಿತ್ತು. ಮರ ಇದ್ದಲ್ಲೇ ಇತ್ತು, ನೆರಳು ಮಾತ್ರ ಇಷ್ಟು ದೂರ ನಡೆದು ಬಂದಿತ್ತು. ಅವಳ ಕೈಯಲ್ಲಿದ್ದ ನಾರು ಜಾರಿ ನೀರಿನ ಪಾಲಾಯಿತು. ದೋಣಿಯನ್ನು ಹೇಗೆ ಬಿಚ್ಚಿದಳೋ, ಹೇಗೆ ದಾಟಿದಳೋ ಅವಳಿಗೇ ತಿಳಿಯದು.

ಕಂಬಳಿ ಅಡ್ಡಬಿದ್ದಿತ್ತು. ಅವಳ ಹೆಜ್ಜೆ ಕೇಳಿ ಬಾಲವನ್ನು ಒಂದೇ ಒಂದು ಸಲ ನೆಲಕ್ಕೆ ಬಡಿಯಿತು. ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಅವುಚಿ ಎತ್ತಿ, ಹೊಳೆಯ ಅಂಚಿಗೆ ತಂದು ಮಲಗಿಸಿದಳು. ನೀರು ಹಾಕಿದಳು, ಮತ್ತೆ ಹಾಕಿದಳು. ಕೂದಲು ನೆನೆಯಿತು. ಅದರ ಕೆಳಗೆ ಮೈ ಮಾತ್ರ ಸುಡುತ್ತಲೇ ಇತ್ತು. ಅವಳ ಹಣೆಯಿಂದ ಬೆವರು ತೊಟತೊಟನೆ ಇಳಿಯುತ್ತಿತ್ತು. ನಾಯಿಯ ಮೈಯಲ್ಲಿ ಒಂದು ಹನಿ ಬೆವರಿಲ್ಲ.

ಇದಕ್ಕೆ ಯಾಕೆ ಬೆವರಿಲ್ಲ ಎಂದು ಅವಳು ಹೊಳೆಯನ್ನು ಕೇಳಿದಳು. ಹೊಳೆ ಹೇಳಿತು. ತಾನು ಬೆವರು ಹಂಚಿದ ದಿನ ಮನುಷ್ಯರು ಬಂದರು, ಕುದುರೆ ಬಂತು, ಎತ್ತು ಬಂತು. ಕೆಂಚವ್ವನೂ ಬಂದು ಸೆರಗೊಡ್ಡಿ ತನ್ನ ಪಾಲು ಪಡೆದಳು. ಕಂಬಳಿ ಬರಲಿಲ್ಲ. ಅವಳು ಬಿಟ್ಟುಹೋಗಿದ್ದ ನಾರಿನ ಹೊರೆಯನ್ನು ಕಾಯುತ್ತ ಅಲ್ಲೇ ಕೂತಿತ್ತು. ಸಂಜೆ ನೀರಿಗೆ ಬಂದಾಗ ತಳದಲ್ಲಿ ಉಳಿದಿದ್ದ ಒಂದಿಷ್ಟನ್ನು ಅದರ ನಾಲ್ಕು ಅಂಗಾಲಿಗೆ ಸವರಿ ಕಳಿಸಿದ್ದಾಯಿತು, ಅಷ್ಟೇ.

“ಹೊರಗಿನ ಉರಿ ನಾ ಆರಿಸ್ತೀನಿ ತಂಗೀ,” ಎಂದಿತು ಹೊಳೆ. “ಒಳಗಿನ ಉರಿ ನನ್ನ ಕೈಲೆ ಆಗೂದಿಲ್ಲ. ಅದು ಗಾಳಿ ಕೆಲಸ.”

ಗಾಳಿ! ಪೀಡೆ ತೊಲಗಿತು ಎಂದು ತಾನೇ ಅಂದ ಗಾಳಿ. ಕೆಂಚವ್ವ ಗುಡ್ಡದ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು. ಗುಡ್ಡದ ಆಚೆಯಿಂದ ಉತ್ತರ ಬಂತು. ಬಂಡೆಗಳು ನಡುಗಿದವು.

“ಎಲ್ಲಾನೂ ಕಟ್ಟಿಹಾಕಿದಾಕಿ ನೀನು. ಈಗ ನನ್ನ ಯಾಕ ಕರೀತಿ?”

ಕೆಂಚವ್ವ ಸೆರಗು ಹಿಡಿದು ಮಣ್ಣಿನ ಮೇಲೆ ಮಂಡಿಯೂರಿದಳು. “ಕಟ್ಟಿದ್ರ ಕಾಪಾಡಿದಂಗ ಅಂತ ತಿಳಿದಿದ್ದೆ ಗಾಳೆಪ್ಪ. ಕಟ್ಟಿ, ಬೆನ್ನು ಮಾಡಿ ಹೋದೆ. ತಪ್ಪು ನಂದು. ಸಿಟ್ಟಿದ್ರ ನನ್ನ ಮನೀ ಮಾಡು ಹಾರಿಸ್ಕೊಂಡು ಹೋಗು. ಇದರ ತಪ್ಪು ಏನೂ ಇಲ್ಲ. ಇದು ಹಗ್ಗಾನೂ ಕಡೀಲಿಲ್ಲ.”

ಗಾಳಿಗೆ ಆ ಕೊನೆಯ ಮಾತು ನಾಟಿತು. ಅದು ಗುಡ್ಡ ಹತ್ತಿ ಇಳಿದು ಬಂತು. ಬರುವಾಗ ಹುಣಸೆಮರ ಬುಡದವರೆಗೂ ಬಾಗಿತು, ಹೊಳೆಯ ನೀರು ಮಡಿಕೆ ಮಡಿಕೆಯಾಗಿ ಎದ್ದಿತು, ಕೆಂಚವ್ವನ ಮನೆಯ ಮಾಡು ಹಗ್ಗ ಹರಿದು ಹಾರಿ ಹೋಯಿತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಗಾಳಿ ಕಂಬಳಿಯ ಸುತ್ತ ಸುಳಿಯಿತು, ಬೆನ್ನ ಮೇಲೆ ಸುಳಿಯಿತು, ಹೊಟ್ಟೆಯ ಕೆಳಗೆ ಸುಳಿಯಿತು. ಕೂದಲು ಎಷ್ಟು ದಟ್ಟವೆಂದರೆ ಅದಕ್ಕೆ ಒಳಗೆ ಹೋಗಲು ದಾರಿಯೇ ಸಿಗಲಿಲ್ಲ.

“ಒಂದು ಬಾಗಿಲು ತೋರಿಸು,” ಎಂದಿತು ಗಾಳಿ.

ಕೆಂಚವ್ವ ನಾಯಿಯ ಬಿಗಿದ ದವಡೆಯನ್ನು ಬಿಡಿಸಿದಳು. ನಾಲಿಗೆಗೆ ಹೊಳೆಯ ನೀರು ಮುಟ್ಟಿಸಿ, ಮೆಲ್ಲಗೆ ಹೊರಗೆ ತಂದಳು. ಲೋಕದಲ್ಲಿ ಮೊದಲ ಬಾರಿಗೆ ಒಂದು ನಾಯಿಯ ನಾಲಿಗೆ ಬಾಯಿಂದಾಚೆ ಜೋತುಬಿದ್ದಿತು. ಕೆಂಪಗೆ, ಒದ್ದೆಯಾಗಿ.

ಗಾಳಿ ಒಳಗೆ ಹೋಯಿತು. ಹೊರಗೆ ಬಂತು. ಒಳಗೆ ಹೋಯಿತು, ಹೊರಗೆ ಬಂತು. ಹೋಗುವಾಗ ತಂಪು ಹೊತ್ತು ಹೋಯಿತು, ಬರುವಾಗ ಉರಿ ಹೊತ್ತು ಬಂತು. ಹಹ್ಹ, ಹಹ್ಹ, ಹಹ್ಹ.

ಕೆಂಚವ್ವ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಗುಡ್ಡಗಳನ್ನು ನಡುಗಿಸುವ ಗಾಳಿ, ಮೋಡಗಳನ್ನು ಮೂಡಲಿಂದ ಪಡುವಲಿಗೆ ಅಟ್ಟುವ ಗಾಳಿ, ಅವಳ ಅಂಗೈ ಅಗಲದ ಜಾಗದಲ್ಲಿ ಓಡಾಡುತ್ತಿತ್ತು. ಇಷ್ಟು ದೊಡ್ಡದು ಇಷ್ಟು ಸಣ್ಣದಾಗಿ ಬಂದಿತಲ್ಲ, ಒಂದು ನಾಯಿಗಾಗಿ. ಅವಳಿಗೆ ಅಳುವೂ ಬಂತು, ಭಯವೂ ಆಯಿತು, ಕೈ ಮುಗಿಯಬೇಕೆಂದೂ ಅನ್ನಿಸಿತು. ಆದರೆ ಕೈ ತೆಗೆಯಲು ಮನಸ್ಸಾಗಲಿಲ್ಲ. ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಹೊಳೆಯೂ ಸದ್ದು ನಿಲ್ಲಿಸಿ ನೋಡುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಕಂಬಳಿ ಕಣ್ಣು ಬಿಟ್ಟಿತು. ಅವಳ ಕೈಯನ್ನು ನೆಕ್ಕಿತು.

ಹೊರಡುವ ಮೊದಲು ಗಾಳಿ ಒಂದು ಮಾತು ಕೊಟ್ಟಿತು, ಒಂದು ಮಾತು ಕೇಳಿತು. “ಇದರ ಕುಲ ಯಾವಾಗ ನಾಲಿಗೆ ಚಾಚಿ ಕರದ್ರೂ ನಾ ಬರ್ತೀನಿ. ಆದ್ರ ನಾ ಹೊರಗ ಏನು ಇರತೈತಿ ಅದನ್ನೇ ಒಳಗ ಒಯ್ಯಾಂವ. ಬಿಸಿಲಾಗ ಬಿಟ್ರ ಬಿಸಿಲೇ ಒಯ್ತೀನಿ. ಬಾಗಿಲು ಬಡಿದು ಮುಚ್ಚಿದ ಜಾಗಾದಾಗ ನಾ ಬರೂದೇ ಆಗೂದಿಲ್ಲ. ನೆರಳು ನೋಡೂದು, ನೀರು ಇಡೂದು ನಿನ್ನ ಪಾಲು.”

ಆಗಲಿ ಎಂದಳು ಕೆಂಚವ್ವ.

ಅವಳು ಹಗ್ಗ ಹೊಸೆಯುವುದನ್ನು ಬಿಡಲಿಲ್ಲ. ಮಾಡಿಗೆ ಬೇಕು, ದೋಣಿಗೆ ಬೇಕು. ಹೊಳೆ ಏರಿದ ದಿನ ಕಂಬಳಿಗೂ ಬೇಕು. ಆದರೆ ಆಗ ಹಗ್ಗ ಉದ್ದವಿರುತ್ತಿತ್ತು, ಅದರ ಇನ್ನೊಂದು ತುದಿ ಗೂಟದಲ್ಲಿ ಅಲ್ಲ, ಅವಳ ಕೈಯಲ್ಲಿ ಇರುತ್ತಿತ್ತು. ನೀರು ಚೆಲ್ಲದಂಥ ಅಗಲವಾದ ಕಲ್ಲಿನ ಬಾನಿ ಬಂತು. ಕೆಲಸದ ನಡುವೆ ತಲೆ ಎತ್ತಿ ನೆರಳು ಎಲ್ಲಿಗೆ ಬಂತು ಎಂದು ನೋಡುವುದನ್ನು ಅವಳು ಕಲಿತಳು. ಅವಳನ್ನು ನೋಡಿ ಆ ದಂಡೆಯವರೆಲ್ಲ ಕಲಿತರು.

ಬೇಸಿಗೆಯ ಮಧ್ಯಾಹ್ನ ನಿಮ್ಮ ಮನೆಯ ನಾಯಿ ನಾಲಿಗೆ ಇಳಿಬಿಟ್ಟು ಹಹ್ಹ ಹಹ್ಹ ಎನ್ನುತ್ತ ಕೂತಿರುತ್ತದಲ್ಲ, ಮೆಲ್ಲಗೆ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ನೋಡಿ: ಗುಡ್ಡ ನಡುಗಿಸುವ ಗಾಳಿ ಒಳಗೆ ಹೋಗುತ್ತ ಹೊರಗೆ ಬರುತ್ತ ತನ್ನ ಮಾತನ್ನು ಇವತ್ತಿಗೂ ಉಳಿಸಿಕೊಳ್ಳುತ್ತಿದೆ, ನೀರಿನ ಬಟ್ಟಲು ತುಂಬಿದೆಯೇ, ನೆರಳು ಸರಿದಿದೆಯೇ ಎಂದು ಎದ್ದು ನೋಡುವುದು ನಮ್ಮ ಪಾಲಿನ ಮಾತು.